ಚುಕ್ಕೆ ಇಲ್ಲದ ಹನ್ನೊಂದು ಪುಟ

ಅತ್ತೆ ಬರುವ ದಿನ ಗೊತ್ತಾಯಿತೆಂದರೆ ಮೇಷ್ಟ್ರ ತರಗತಿಯಲ್ಲಿ ಯಾರ ಮುಖದಲ್ಲೂ ಕಳೆ ಇರುವುದಿಲ್ಲ. ಅವರು ನಮ್ಮಲ್ಲಿ ಯಾರಿಗೂ ನಿಜವಾದ ಅತ್ತೆಯಲ್ಲ. ಅವರೂ ನಮ್ಮ ಮೇಷ್ಟ್ರೂ ಒಬ್ಬರೇ ಗುರುವಿನ ಹತ್ತಿರ ವೇದಾಂತ ಕೇಳಿದವರು, ಅಷ್ಟೆ. ನಮ್ಮ ಪಾಠದ ಸಾಲಿನಲ್ಲಿ ಗುರುವಿನ ಗುರುವನ್ನು ಅಜ್ಜ ಎನ್ನುತ್ತೇವೆ, ಗುರುವಿನ ಜೊತೆ ಕಲಿತವರನ್ನು ಅತ್ತೆ, ಚಿಕ್ಕಪ್ಪ ಎಂದು ಕರೆಯುತ್ತೇವೆ. ಹೀಗೆ ಕರೆದರೆ ಪ್ರೀತಿ ಬೆಳೆಯುತ್ತದೆಂದು ಹಿಂದಿನವರು ಯಾರೋ ಅಂದುಕೊಂಡಿರಬೇಕು. ಈ ಅತ್ತೆಯ ವಿಷಯದಲ್ಲಿ ಅದು ನಡೆಯಲಿಲ್ಲ.

ಪಾಠ ಹೇಳಲು ಯೋಗ್ಯರೆಂದು ಮೇಷ್ಟ್ರು ಮುಂದೆ ಮಾಡಿದ ಮೂವರನ್ನೂ ಅತ್ತೆ ಬೇಡವೆಂದಿದ್ದರು. ಮೊದಲನೆಯವರು ಔಷಧಿ ಅಂಗಡಿಯವರು. ಎರಡನೆಯವನು ಬಸ್ ಡ್ರೈವರ್. ಮೂರನೆಯವಳು, ಒಂಬತ್ತು ವರ್ಷದ ಹಿಂದೆ, ಮೇಷ್ಟ್ರ ಸ್ವಂತ ಮಗಳು. ಈಗ ನಾಲ್ಕನೆಯವಳು ನಾನು.

ನಮ್ಮಲ್ಲಿ ಪಾಠ ಹೇಳಲು ಓದಿದರೆ ಸಾಲದು, ಅಪ್ಪಣೆ ಬೇಕು. ಅಪ್ಪಣೆಯನ್ನು ಗುರು ಒಬ್ಬರೇ ಕೊಡುವಂತಿಲ್ಲ. ಅವರ ಜೊತೆ ಕಲಿತ ಇನ್ನೊಬ್ಬರೂ ಹೂಂ ಅನ್ನಬೇಕು. ಮುದ್ದಿನ ಶಿಷ್ಯರನ್ನು ಯಾರೂ ಹಿಂಬಾಗಿಲಿನಿಂದ ಒಳಗೆ ಬಿಟ್ಟುಕೊಳ್ಳಬಾರದೆಂದು ಈ ಏರ್ಪಾಡು. ಮುಚ್ಚಿದ ಕೋಣೆಯಲ್ಲಿ ಗುರು, ಅವರ ಜೊತೆ ಕಲಿತವರು, ಶಿಷ್ಯ, ಈ ಮೂವರೇ ಕೂರುತ್ತಾರೆ. ಆ ಜೊತೆ ಕಲಿತವರು ನಾವೆಲ್ಲ ಕೇಳುವ ಆ ಒಂದೇ ವೇದಾಂತ ಪುಸ್ತಕದ ಯಾವುದಾದರೂ ಭಾಗ ತೆಗೆದು ಹೇಳು ಎನ್ನುತ್ತಾರೆ. ಒಂದು ಗಂಟೆ ಹೇಳಬೇಕು, ಅಡ್ಡಪ್ರಶ್ನೆಗಳನ್ನು ಎದುರಿಸಬೇಕು. ಯಾವ ಭಾಗ ಬಂತೆಂದು ಹೊರಗೆ ಬಂದು ಬಾಯಿ ಬಿಡುವಂತಿಲ್ಲ. ಇಲ್ಲ ಎಂದರೆ ಯಾಕೆ ಎನ್ನುವಂತಿಲ್ಲ. ಅತ್ತೆ ಮೂರು ಸಲವೂ ಒಂದೇ ಒಂದು ಮಾತು ಹೇಳಿ ಚಪ್ಪಲಿ ಮೆಟ್ಟಿಕೊಂಡು ಹೋಗಿದ್ದರು: "ಇಲ್ಲ."

ಇನ್ನೊಂದು ನಿಯಮ ಚುಕ್ಕೆಯದು. ಒಂದು ಪುಟವನ್ನು ಗುರುವಿನ ಬಾಯಿಂದ ಕೇಳಿ ಮುಗಿಸಿದ ದಿನ ನಮ್ಮ ಪುಸ್ತಕದಲ್ಲಿ ಆ ಪುಟದ ಅಂಚಿಗೆ ಪೆನ್ಸಿಲಿನಿಂದ ಒಂದು ಚುಕ್ಕೆ ಇಡುತ್ತೇವೆ. ಚುಕ್ಕೆ ಇಲ್ಲದ ಪುಟವನ್ನು ಯಾರಿಗೂ ಹೇಳಿಕೊಡುವಂತಿಲ್ಲ. ಎಷ್ಟೇ ಓದಿಕೊಂಡಿರಲಿ, "ಇದನ್ನು ನಾನು ಕೇಳಿಲ್ಲ" ಎಂದು ಒಪ್ಪಿಕೊಂಡು ಮುಂದಿನ ಪುಟಕ್ಕೆ ಹೋಗಬೇಕು. ಇನ್ನು ಗುರುವಿನ ಪುಸ್ತಕವನ್ನು ಶಿಷ್ಯರು ತೆರೆಯುವುದೇ ಇಲ್ಲ. ಅವರ ಚುಕ್ಕೆ ನೋಡುವುದೆಂದರೆ ಅವರ ಜೇಬಿಗೆ ಕೈ ಹಾಕಿದ ಹಾಗೆ.

ನನಗೆ ಈ ಚುಕ್ಕೆಯ ನಿಯಮ ಮೊದಲ ದಿನವೇ ಹಿಡಿಸಿತ್ತು. ನಾನು ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್‌ಸ್ಪೆಕ್ಟರ್. ಅಂಗಡಿಗಳ ತಕ್ಕಡಿಯನ್ನು ನನ್ನ ಹಿತ್ತಾಳೆಯ ತೂಕದ ಬಟ್ಟುಗಳಿಂದ ಪರೀಕ್ಷೆ ಮಾಡುತ್ತೇನೆ. ನನ್ನ ಬಟ್ಟುಗಳನ್ನು ವರ್ಷಕ್ಕೊಮ್ಮೆ ಮೇಲಿನ ಕಚೇರಿಯ ಬಟ್ಟಿಗೆ ಹೋಲಿಸಿ ಮುದ್ರೆ ಒತ್ತುತ್ತಾರೆ. ಅವರದನ್ನು ಇನ್ನೂ ಮೇಲಿನವರು. ಮುದ್ರೆಯ ತಾರೀಖು ಮುಗಿದರೆ ಕೂದಲೆಳೆಯಷ್ಟು ವ್ಯತ್ಯಾಸವಿಲ್ಲದಿದ್ದರೂ ಆ ಬಟ್ಟು ಪೆಟ್ಟಿಗೆಯಲ್ಲೇ ಕೂರಬೇಕು. "ಸರಿಯಾಗೇ ಇದೆಯಲ್ಲಾ ಮೇಡಂ" ಎಂದು ವ್ಯಾಪಾರಿಗಳು ಗೋಗರೆಯುತ್ತಾರೆ. ಸರಿ ಅಂತ ಹೇಳಿದ್ದು ಯಾರು ಎಂದು ಕೇಳುತ್ತೇನೆ. ಮಾರುಕಟ್ಟೆಯಲ್ಲಿ ನನ್ನನ್ನು ಕಂಡರೆ ಆಗದವರೇ ಹೆಚ್ಚು. ಮೇಷ್ಟ್ರು ಮಾತ್ರ ಪ್ರೀತಿಯಿಂದ ನನಗೆ ತಕ್ಕಡಿ ಎಂದು ಹೆಸರಿಟ್ಟಿದ್ದರು.

ಮೇಷ್ಟ್ರಿಗೆ ಎಪ್ಪತ್ತಾರು ವರ್ಷ. ಕಾಲೇಜಿನಲ್ಲಿ ಲೆಕ್ಕ ಕಲಿಸಿ ನಿವೃತ್ತರಾದವರು. ಕಣ್ಣಿನ ನಡುಭಾಗ ಮಬ್ಬಾಗುತ್ತಾ ಬಂದು ಈಗ ಅಕ್ಷರ ಕಾಣುವುದಿಲ್ಲ. ಅತ್ತೆಗೆ ಎಂಬತ್ತು. ಆ ಗುರುವಿನ ಹತ್ತಿರ ಕಲಿತವರಲ್ಲಿ ಉಳಿದವರು ಇವರಿಬ್ಬರೇ. ಈ ಸಲವೂ ಅತ್ತೆ ಇಲ್ಲ ಎಂದರೆ, ಇನ್ನು ಅಪ್ಪಣೆ ಕೊಡುವವರೇ ಇರುವುದಿಲ್ಲ. ಎಷ್ಟೋ ತಲೆಮಾರು ಬಾಯಿಂದ ಕಿವಿಗೆ ಬಂದ ಪಾಠ ಟೈಲರ್ ಅಂಗಡಿಯ ಮೇಲೆ ನಮ್ಮ ತರಗತಿ ನಡೆಯುವ ಕೋಣೆಯಲ್ಲಿ ನನ್ನ ಹತ್ತಿರ ಬಂದು ನಿಂತುಹೋಗುತ್ತದೆ.

ಪರೀಕ್ಷೆಗೆ ಎರಡು ವಾರ ಇರುವಾಗ ಮೇಷ್ಟ್ರು ಪಾಠ ಮುಗಿಸಿ ಎಲ್ಲರನ್ನೂ ಕಳಿಸಿ ನನ್ನೊಬ್ಬಳನ್ನು ನಿಲ್ಲಿಸಿದರು. ಕಪಾಟಿನಿಂದ ತಮ್ಮ ಪುಸ್ತಕ ತೆಗೆದು ನನ್ನ ಕೈಗಿಟ್ಟರು. ಬೆನ್ನು ಬಿಟ್ಟುಹೋಗಿ ಪುಟಗಳು ಜೋಲಾಡುತ್ತಿದ್ದವು.

"ಬೈಂಡಿಂಗ್ ಮಾಡಿಸ್ಕೊಂಡು ಬಾಮ್ಮ, ತಕ್ಕಡಿ."

"ನಾನಾ? ನಾನು ಇದನ್ನ ತೆಗೀಬಹುದಾ ಮೇಷ್ಟ್ರೇ?"

"ತೆಗೀದೆ ಹೇಗೆ ಹೊಲೀತಾರೆ?" ಎಂದು ನಕ್ಕರು. ನಗು ಅವರ ಮುಖದಲ್ಲಿ ಹೆಚ್ಚು ಹೊತ್ತು ಉಳಿಯಲಿಲ್ಲ.

ಬೈಂಡರ್ ಮುದುಕ ಮಹಾ ಚುರುಕು. ಹಳೆಯ ದಾರ ಕತ್ತರಿಸಿ, ಪುಟಗಳನ್ನು ಕಂತೆ ಕಂತೆಯಾಗಿ ಮೇಜಿನ ಮೇಲೆ ಹರಡಿಬಿಟ್ಟ. ನಾನು ನೋಡಬಾರದೆಂದು ಬೀದಿಯ ಕಡೆ ತಿರುಗಿ ನಿಂತೆ. ಆದರೆ ಇಪ್ಪತ್ತು ವರ್ಷ ಇನ್‌ಸ್ಪೆಕ್ಟರ್ ಆಗಿರುವ ಕಣ್ಣು ಹೇಳಿದ ಮಾತು ಕೇಳುವುದಿಲ್ಲ. ಒಂದೊಂದು ಪುಟದ ಅಂಚಿನಲ್ಲೂ ಪುಟ್ಟ ಬೂದು ಚುಕ್ಕೆ. ಅಂಥ ಅಚ್ಚುಕಟ್ಟು ಲೆಕ್ಕದ ಮೇಷ್ಟ್ರಿಗೇ ಬರಬೇಕು ಎಂದುಕೊಂಡೆ. ನಡುವಿನ ಒಂದು ಕಂತೆಯಲ್ಲಿ ಮಾತ್ರ ಅಂಚು ಖಾಲಿ ಇತ್ತು. ಅಳಿಸಿಹೋಗಿರಬೇಕೆಂದು ಪುಟಗಳನ್ನು ಎತ್ತಿ ಬೆಳಕಿಗೆ ಹಿಡಿದೆ. ಪೆನ್ಸಿಲಿನ ಒತ್ತು ಕೂಡ ಇರಲಿಲ್ಲ. ತೊಂಬತ್ತನಾಲ್ಕರಿಂದ ನೂರನಾಲ್ಕು. ಹನ್ನೊಂದು ಪುಟ.

"ಏನಮ್ಮಾ, ಒಳಗೆ ಪ್ರೇಮಪತ್ರ ಇಟ್ಟು ಮರೆತ್ರಾ?" ಎಂದ ಬೈಂಡರ್.

ನಾನು ಪುಟಗಳನ್ನು ಕಂತೆಗೆ ಸೇರಿಸಿದೆ. ಆ ಹನ್ನೊಂದು ಪುಟ ಸಾಕ್ಷಿಯ ಭಾಗ. ಮನಸ್ಸಿನಲ್ಲಿ ಬಂದುಹೋಗುವುದನ್ನೆಲ್ಲ ಬೆಳಗುವ ಅರಿವಿನ ವಿಚಾರ. ಇಡೀ ಪುಸ್ತಕದಲ್ಲಿ ಮೇಷ್ಟ್ರು ಅತ್ಯಂತ ಚೆನ್ನಾಗಿ ಹೇಳಿದ್ದು ಅದನ್ನೇ. ಮೂರು ವಾರ ಹೇಳಿದ್ದರು, ನಾವು ಉಸಿರು ಬಿಗಿಹಿಡಿದು ಕೇಳಿದ್ದೆವು. ನನ್ನ ಪುಸ್ತಕದಲ್ಲಿ ಆ ಹನ್ನೊಂದು ಪುಟಕ್ಕೂ ಚುಕ್ಕೆ ಇದೆ. ಔಷಧಿ ಅಂಗಡಿಯವರದರಲ್ಲಿ ಇದೆ, ಡ್ರೈವರನದರಲ್ಲಿ ಇದೆ. ಮೇಷ್ಟ್ರದರಲ್ಲಿ ಇಲ್ಲ. ಕೇಳದೇ ಇದ್ದದ್ದನ್ನು ಅವರು ನಮಗೆ ಹೇಳಿಕೊಟ್ಟಿದ್ದರು. ಮುದ್ರೆ ಇಲ್ಲದ ಬಟ್ಟನ್ನು ಹಿಡಿದು ಇಷ್ಟು ವರ್ಷ ಊರೆಲ್ಲ ಸುತ್ತಿದ್ದೇನೆ ಎಂದು ಯಾರೋ ಕೆನ್ನೆಗೆ ಬಾರಿಸಿ ಹೇಳಿದ ಹಾಗಾಯಿತು. ಮೊದಲು ಬಂದದ್ದು ದುಃಖವಲ್ಲ, ಸಿಟ್ಟು.

ಪರೀಕ್ಷೆ ಇದ್ದದ್ದು ಭಾನುವಾರ. ಅದರ ಮುಂಚಿನ ಗುರುವಾರ ಪುಸ್ತಕ ಹಿಂದಿರುಗಿಸಲು ಹೋದೆ. ಮೇಷ್ಟ್ರು ಕುರ್ಚಿಯಲ್ಲಿದ್ದರು. ಹೊಸ ಬೆನ್ನನ್ನು ಬೆರಳಿನಿಂದ ಸವರಿ ನೋಡಿದರು.

"ಎಲ್ಲ ಪುಟ ಇದೆಯಲ್ಲ?"

"ಪುಟ ಎಲ್ಲಾ ಇದೆ ಮೇಷ್ಟ್ರೇ. ತೊಂಬತ್ತನಾಲ್ಕರಿಂದ ನೂರನಾಲ್ಕು..."

ಅಷ್ಟರಲ್ಲಿ ಮಗಳು ಚಹಾ ತಂದಳು. ಕುತ್ತಿಗೆಗೆ ಅಳತೆಯ ಟೇಪು ನೇತುಹಾಕಿಕೊಂಡೇ ಮೇಲೆ ಬರುವವಳು. ಅವಳನ್ನು ನಾವೆಲ್ಲ ಟೈಲರಕ್ಕ ಎನ್ನುತ್ತೇವೆ. ಅತ್ತೆ ಇಲ್ಲ ಎಂದ ದಿನದಿಂದ ಅವಳು ಪಾಠಕ್ಕೆ ಕೂತಿಲ್ಲ. ಪಾಠ ನಡೆಯುವಾಗ ಕೆಳಗೆ ಮೆಷಿನನ್ನು ಬೇಕೆಂದೇ ಜೋರಾಗಿ ತುಳಿಯುತ್ತಾಳೆಂದು ಡ್ರೈವರ್ ಹೇಳುತ್ತಿದ್ದ. ಲೋಟ ಇಟ್ಟವಳು ಹೋಗದೆ ಕಿಟಕಿಯ ಪರದೆ ಸರಿಮಾಡುತ್ತಾ ನಿಂತಳು.

"ಭಾನುವಾರ ಆಗ್ಲಿ," ಎಂದರು ಮೇಷ್ಟ್ರು. "ಭಾನುವಾರ ಆದಮೇಲೆ ಏನಿದ್ರೂ ಮಾತಾಡೋಣ." ಚಹಾ ಲೋಟವನ್ನು ಕುಡಿಯದೆ ಪಕ್ಕಕ್ಕೆ ಸರಿಸಿದರು.

ಮನೆಗೆ ಬಂದು ಲೆಕ್ಕ ಹಾಕಿದೆ. ಇನ್ನೂರ ಹನ್ನೆರಡು ಪುಟದ ಪುಸ್ತಕ. ಅದರಲ್ಲಿ ಆ ಹನ್ನೊಂದೇ ಬರಬೇಕೆಂದೇನಿದೆ? ಇಪ್ಪತ್ತಕ್ಕೆ ಒಂದು ಪಾಲು, ಅಷ್ಟೆ. ಬೇರೆ ಏನಾದರೂ ಬಂದರೆ ಹೇಳಿ, ಅಪ್ಪಣೆ ಪಡೆದು, ಆಮೇಲೆ ಆ ಹನ್ನೊಂದು ಪುಟ ಬಂದಾಗಲೆಲ್ಲ ಕೇಳಿಲ್ಲ ಎಂದು ದಾಟಿಸಿಬಿಟ್ಟರಾಯಿತು. ಮೇಷ್ಟ್ರ ಮಾನವೂ ಉಳಿಯುತ್ತದೆ, ಸಾಲೂ ಉಳಿಯುತ್ತದೆ. ಹೀಗೆ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅಂಗಡಿಯವನೊಬ್ಬ ನನ್ನ ಮುಂದೆ ಇಂಥ ಸಬೂಬು ಹೇಳಿದ್ದರೆ ಅವನ ತಕ್ಕಡಿ ಜಪ್ತಿ ಮಾಡುತ್ತಿದ್ದೆ.

ಭಾನುವಾರ ಬೆಳಿಗ್ಗೆ ಹತ್ತಕ್ಕೆ ಅತ್ತೆ ಬಂದರು. ಸಣ್ಣ ಆಕೃತಿ, ಬಿಳಿ ಕೂದಲು, ಕೈಯಲ್ಲಿ ಬಟ್ಟೆಯ ಚೀಲ. ಹೆರಿಗೆ ವಾರ್ಡಿನಲ್ಲಿ ಮೂವತ್ತೈದು ವರ್ಷ ನರ್ಸ್ ಆಗಿದ್ದವರು. ಯಾರನ್ನು ನೋಡಿದರೂ ಜ್ವರ ಇದೆಯಾ ಎಂದು ಅಳೆಯುವ ಹಾಗೆ ನೋಡುತ್ತಾರೆ. ಕೆಳಗೆ ಅಂಗಡಿಯ ಬೆಂಚಿನ ಮೇಲೆ ಔಷಧಿ ಅಂಗಡಿಯವರೂ ಡ್ರೈವರೂ ಕೂತಿದ್ದರು. ನನಗೆ ಧೈರ್ಯ ಹೇಳಲು ಬಂದವರು, ಅವರ ಮುಖ ನೋಡಿದರೆ ಅವರಿಗೇ ಯಾರಾದರೂ ಧೈರ್ಯ ಹೇಳಬೇಕಿತ್ತು. ಅತ್ತೆ ಅವರಿಬ್ಬರಿಗೂ ತಲೆಯಾಡಿಸಿ ಮೆಟ್ಟಿಲು ಹತ್ತಿದರು. ನಾನು ಹಿಂದೆ ಹೊರಟಾಗ ಟೈಲರಕ್ಕ ಬಾಯಲ್ಲಿದ್ದ ಗುಂಡುಪಿನ್ನು ತೆಗೆದಳು.

"ಹೆದರ್ಕೋಬೇಡ ಕಣೇ. ಚೆನ್ನಾಗಿ ಹೇಳಿದ್ರೂ ಅಷ್ಟೇ, ಹಾಳಾಗಿ ಹೇಳಿದ್ರೂ ಅಷ್ಟೇ."

ಮೇಲೆ ಬಾಗಿಲು ಹಾಕಿದರು. ಮೇಷ್ಟ್ರು ತಮ್ಮ ಕುರ್ಚಿಯಲ್ಲಿ, ಅತ್ತೆ ಎದುರಿನ ಕುರ್ಚಿಯಲ್ಲಿ, ನಾನು ಚಾಪೆಯ ಮೇಲೆ. ಅತ್ತೆ ನೀರು ಕುಡಿದರು, ಕನ್ನಡಕ ಒರೆಸಿದರು, ಚೀಲದಿಂದ ಪುಸ್ತಕ ತೆಗೆದರು. ಹುಡುಕಲಿಲ್ಲ, ಹಾಳೆ ಮಗುಚಲಿಲ್ಲ. ಪುಸ್ತಕ ತಾನಾಗಿಯೇ ಒಂದು ಕಡೆ ತೆರೆದುಕೊಂಡಿತು.

"ತೊಂಬತ್ತನಾಲ್ಕನೇ ಪುಟ. ಸಾಕ್ಷಿಯ ಭಾಗ. ಶುರು ಮಾಡು."

ಮೇಷ್ಟ್ರ ಕಡೆ ನೋಡಿದೆ. ಅವರು ಕಿಟಕಿಯ ಸರಳುಗಳ ಕಡೆ ಮುಖ ಮಾಡಿದ್ದರು. ಆ ಮುಖದಲ್ಲಿ ಗಾಬರಿ ಇತ್ತು, ನಾಚಿಕೆ ಇತ್ತು, ಆಶ್ಚರ್ಯ ಮಾತ್ರ ಇರಲಿಲ್ಲ. ಅದೇ ನನ್ನ ಕಣ್ಣಿಗೆ ಬಿತ್ತು. ಇನ್ನೂರ ಹನ್ನೆರಡು ಪುಟದಲ್ಲಿ ಇದೇ ಬರುತ್ತದೆಂದು ಅವರಿಗೆ ಗೊತ್ತಿತ್ತು. ಮೊದಲು ಬಂದಿರದಿದ್ದರೆ ಹೇಗೆ ಗೊತ್ತಿರುತ್ತದೆ?

"ಔಷಧಿ ಅಂಗಡಿಯವರಿಗೂ ಇದೇ ಭಾಗ ಬಂದಿತ್ತಾ?" ಎಂದೆ.

"ಅದನ್ನ ಕೇಳೋ ಹಾಗಿಲ್ಲ," ಎಂದರು ಅತ್ತೆ.

"ಡ್ರೈವರಿಗೆ?"

ಅತ್ತೆ ತೆರೆದ ಪುಟವನ್ನು ಬೆರಳಿನಿಂದ ತಟ್ಟಿದರು.

"ಟೈಲರಕ್ಕನಿಗೂ ಇದೇನಾ, ಮೇಷ್ಟ್ರೇ?"

ಕೆಳಗಡೆ ಹೊಲಿಗೆ ಮೆಷಿನ್ ಓಡುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ಓಡುತ್ತಿತ್ತು.

ಆ ಒಂದು ನಿಮಿಷ ನನ್ನ ತಲೆಯಲ್ಲಿ ಏನೇನು ಓಡಿತು ಎಂಬುದನ್ನು ಮುಚ್ಚಿಡುವುದಿಲ್ಲ. ಹೇಳಿಬಿಡು ಎಂದಿತು ಒಂದು ಮನಸ್ಸು. ನಿನಗೆ ಬಾಯಿಪಾಠ ಬರುತ್ತದೆ. ಮುದುಕಿಗೆ ಎಂಬತ್ತಾಗಿದೆ, ಈ ಸಲ ಕರಗಿದರೂ ಕರಗಬಹುದು. ಕೇಳಿಲ್ಲ ಎಂದೆಯೋ, ಹನ್ನೆರಡು ವರ್ಷ ಅನ್ನದ ಹಾಗೆ ಪಾಠ ಬಡಿಸಿದವರನ್ನು ಅವರ ಮನೆಯಲ್ಲೇ ಕೂರಿಸಿ ಕಳ್ಳ ಎಂದ ಹಾಗೆ. ಅಪ್ಪಣೆಯಂತೂ ಕೈ ಬಿಟ್ಟಂತೆಯೇ. ಬಾಯಿ ತೆರೆದೆ. ಮೊದಲ ವಾಕ್ಯ ನಾಲಿಗೆಯ ತುದಿಗೆ ಬಂದಿತ್ತು, ಮೇಷ್ಟ್ರ ದನಿಯಲ್ಲೇ ಬಂದಿತ್ತು. ಇದನ್ನು ನಾನು ಹೇಳಿದರೆ ನಾಳೆ ಇನ್ನೊಬ್ಬರು ನನ್ನ ದನಿಯಲ್ಲಿ ಹೇಳುತ್ತಾರೆ, ಆಮೇಲೆ ಅದನ್ನು ಯಾರಿಗೂ ಹಿಡಿಯಲು ಆಗುವುದಿಲ್ಲ.

ನನ್ನ ಮುಂದಿದ್ದ ಪುಸ್ತಕವನ್ನು ಮುಚ್ಚಿದೆ.

"ಇದನ್ನ ನಾನು ಕೇಳಿಲ್ಲ, ಅತ್ತೆ."

ಅತ್ತೆ ಮುಂದಕ್ಕೆ ಬಾಗಿದರು. "ಏನಂದೆ?"

"ಕೇಳಿಲ್ಲ."

"ಕೊಡಿಲ್ಲಿ ನಿನ್ನ ಪುಸ್ತಕ." ಪುಟ ತೆಗೆದು ಬೆರಳಿಟ್ಟು ತೋರಿಸಿದರು. "ಚುಕ್ಕೆ ಇದೆಯಲ್ಲ?"

"ಇದೆ. ನಾನೇ ಇಟ್ಟಿದ್ದು. ಇಡುವಾಗ ಅದು ಸುಳ್ಳು ಅಂತ ಗೊತ್ತಿರಲಿಲ್ಲ."

"ಮತ್ತೆ ನಿನಗೆ ಈ ಭಾಗ ಹೇಳ್ಕೊಟ್ಟೋರು ಯಾರು?"

"ಅದನ್ನ ನನ್ನ ಬಾಯಲ್ಲಿ ಹೇಳಿಸ್ಬೇಡಿ. ಇಲ್ಲೇ ಕೂತಿದ್ದಾರೆ."

ನನ್ನ ದನಿ ನನಗೇ ಒರಟಾಗಿ ಕೇಳಿಸಿತು. ಮೇಷ್ಟ್ರು ಕುರ್ಚಿಯ ಕೈಗಳನ್ನು ಹಿಡಿದು ಎದ್ದು ನಿಂತರು. ಎದ್ದು ಹೊರಟೇ ಹೋಗುತ್ತಾರೆಂದುಕೊಂಡೆ. ಹೋಗಲಿಲ್ಲ.

"ನಾನೇ ಹೇಳ್ಕೊಟ್ಟಿದ್ದು," ಎಂದರು. "ಅಕ್ಕಾ, ನಾನೂ ಕೇಳಿಲ್ಲ."

ಅತ್ತೆಯ ಮುಖದಲ್ಲಿ ಗೆದ್ದ ಖುಷಿ ಕಾಣಬಹುದೆಂದು ಸಿಟ್ಟಿನಿಂದ ಕಾದಿದ್ದೆ. ಅವರು ಕನ್ನಡಕ ತೆಗೆದು ಸೆರಗಿನಿಂದ ಕಣ್ಣೊರೆಸಿಕೊಂಡರು.

"ಇಷ್ಟು ಹೇಳೋದಕ್ಕೆ ನಲವತ್ತೆರಡು ವರ್ಷ ಬೇಕಾಯ್ತೇನೋ, ತಮ್ಮಾ?"

ಆಮೇಲೆ ನನ್ನ ಕಡೆ ತಿರುಗಿ ಹೇಳಿದರು. ಆಗ ಗುರುಗಳ ಹತ್ತಿರ ಕೇಳುತ್ತಿದ್ದವರು ಮೂರೇ ಜನ. ಸಾಕ್ಷಿಯ ಭಾಗ ಶುರುವಾದ ದಿನವೇ ಮೇಷ್ಟ್ರ ಹೆಂಡತಿಗೆ ಎರಡು ತಿಂಗಳು ಮೊದಲೇ ಹೆರಿಗೆಯಾಯಿತು. ಮಗು ಒಂದು ಕಿಲೋ ಮುನ್ನೂರು ಗ್ರಾಮ್. ಮೇಷ್ಟ್ರು ಗಾಜಿನ ಪೆಟ್ಟಿಗೆಯ ಹೊರಗೆ ಮೂರು ವಾರ ಸ್ಟೂಲಿನ ಮೇಲೆ ಕೂತುಬಿಟ್ಟಿದ್ದರು. "ಪಾಠಕ್ಕೆ ಬಾ ಅಂದ್ರೆ ನನ್ನ ಮೇಲೇ ರೇಗಿದ. ಮಗು ಉಸಿರಾಡೋದನ್ನ ಎಣಿಸ್ತಾ ಕೂತಿದೀನಿ ಅಂದ." ಮಗು ಉಳಿಯಿತು, ಈಗ ಕೆಳಗೆ ಮೆಷಿನ್ ತುಳಿಯುತ್ತಿರುವುದು ಅದೇ. ನಾಲ್ಕು ತಿಂಗಳಿಗೆ ಗುರುಗಳು ತೀರಿಕೊಂಡರು. ಆ ಹನ್ನೊಂದು ಪುಟ ಕೇಳಿದವರು ಅತ್ತೆ ಮತ್ತು ಇನ್ನೊಬ್ಬರು, ಆ ಇನ್ನೊಬ್ಬರೂ ಈಗಿಲ್ಲ.

"ನನ್ನ ಹತ್ರ ಬಂದು ಕೇಳಿದ್ರೆ ಹೇಳ್ತಿದ್ದೆ," ಎಂದರು ಅತ್ತೆ. "ಇವನು ಕಾಲೇಜು ಮೇಷ್ಟ್ರು, ನಾನು ನರ್ಸು. ಬರಲಿಲ್ಲ."

"ಓದ್ಕೊಂಡೆ," ಎಂದರು ಮೇಷ್ಟ್ರು. "ಆರು ತಿಂಗಳು ರಾತ್ರಿ ಹಗಲು ಓದ್ದೆ. ತಪ್ಪು ಹೇಳಿಲ್ಲ ಅಂತ ಅಂದ್ಕೊಂಡಿದೀನಿ. ತಪ್ಪು ಹೇಳಿದೀನಾ?"

"ಹೆಚ್ಚುಕಡಿಮೆ ಎಲ್ಲ ಸರಿ. ಒಂದು ಕಡೆ ಎಡವಿದೀಯ. ಮೂವರೂ ಬಂದು ಅದೇ ಜಾಗದಲ್ಲಿ, ಅದೇ ಥರ ಎಡವಿದ್ರು. ಸಾಕ್ಷಿ ಎಲ್ಲದರಿಂದ ದೂರ ನಿಂತು ನೋಡತ್ತೆ ಅಂತ ಹೇಳ್ಕೊಟ್ಟಿದೀಯ. ಗುರುಗಳು ದೂರ ಅನ್ನೋ ಮಾತೇ ಆಡಲಿಲ್ಲ. ದೂರ ನಿಲ್ಲೋದೂ ಮನಸ್ಸಿನದೇ ಒಂದು ಭಂಗಿ ಅಂತ ಅಂದ್ರು. ಅದನ್ನೂ ಬೆಳಗೋದು ಯಾವುದು ಅಂತ ಕೇಳಿದ್ರು. ಒಬ್ಬನೇ ಕೂತು ಓದಿದವನಿಗೆ, ಅಲ್ಲಿ ಎಡವಿದೆ ಅನ್ನೋದಕ್ಕೆ ಎದುರಿಗೆ ಯಾರಿರ್ತಾರೆ ಹೇಳು?"

ಅಮ್ಮ ಹಾಸಿಗೆ ಹಿಡಿದ ಎರಡು ವರ್ಷ ನಾನು ಮಾಡಿದ್ದು ಅದನ್ನೇ. ಅವಳು ನರಳುವಾಗ, ಮೇಷ್ಟ್ರು ಹೇಳಿದ ಹಾಗೆ ದೂರ ನಿಂತು ನೋಡುವುದನ್ನು ಅಭ್ಯಾಸ ಮಾಡಿದ್ದೆ. ಅದನ್ನು ವೇದಾಂತವೆಂದು ನಂಬಿದ್ದೆ. ಅಮ್ಮ ನನ್ನ ಕೈಗಾಗಿ ಕೈ ಚಾಚುತ್ತಿದ್ದಳು.

"ಇಬ್ರೂ ಸೇರಿ ಏನು ಮಾಡಿದೀರಿ ಗೊತ್ತಾ?" ಎಂದೆ. ಇಂಥ ಕೋಣೆಯಲ್ಲಿ ಯಾರೂ ಹಾಗೆ ದನಿ ಎತ್ತುವುದಿಲ್ಲ. ನಾನು ಎತ್ತಿದೆ. "ಆ ಮೂವರು ಏನು ತಪ್ಪು ಮಾಡಿದ್ರು? ಕೇಳಿದ್ದನ್ನ ಹೇಳಿದ್ರು. ಅತ್ತೆ, ನಿಮಗೆ ಗೊತ್ತಿತ್ತು, ಬಾಯಿ ಬಿಡಲಿಲ್ಲ. ಮೇಷ್ಟ್ರೇ, ನೀವು ಇದೇ ಕುರ್ಚಿಯಲ್ಲಿ ಮೂರು ಸಲ ಕೂತು ನೋಡಿದ್ರಿ. ಸ್ವಂತ ಮಗಳನ್ನೂ."

"ಇನ್ನೊಬ್ಬರ ಚುಕ್ಕೆಯ ಮಾತು ನಾನು ಆಡಬಾರದು ಅಂತಿದ್ದೆ," ಎಂದರು ಅತ್ತೆ. "ಅವನೇ ಹೇಳ್ಲಿ, ಅವನೇ ಹೇಳ್ಲಿ ಅಂತ ಪ್ರತಿ ಸಲ ಅದೇ ಪುಟ ತೆಗೆದೆ. ಹಟ ಅನ್ನು. ಹಟಾನೇ. ನನ್ನದೂ ತಪ್ಪಿದೆ."

ಮೇಷ್ಟ್ರು ಕಪಾಟಿನವರೆಗೆ ತಡವರಿಸಿಕೊಂಡು ಹೋಗಿ ಪುಸ್ತಕ ತಂದರು. ನನ್ನ ಪಕ್ಕದಲ್ಲಿ, ಚಾಪೆಯ ಮೇಲೆ, ಮೊಣಕಾಲು ಹಿಡಿದುಕೊಂಡು ನಿಧಾನವಾಗಿ ಕೂತರು. ಅವರು ನೆಲದ ಮೇಲೆ ಕೂತದ್ದನ್ನು ನಾನು ನೋಡಿರಲೇ ಇಲ್ಲ.

"ಹೇಳು ಅಕ್ಕಾ. ಕೇಳ್ತೀನಿ."

"ಹೇಳ್ತೀನಿ. ಆದ್ರೆ ಕೆಳಗಿರೋರನ್ನ ಕರಿ ಮೊದಲು. ನೀನೇ ಕರೀಬೇಕು. ಅವರ ಮುಂದೆ ಹೇಳಿದ ಮೇಲೇ ನಾನು ಬಾಯಿ ತೆಗೆಯೋದು."

ನಾನು ಏಳಿಸಲು ಕೈ ಕೊಟ್ಟೆ. ಬೇಡವೆಂದರು. ಗೋಡೆ ಹಿಡಿದು ಎದ್ದು, ಬಾಗಿಲು ತೆಗೆದು, ಮೆಟ್ಟಿಲ ತಲೆಯಲ್ಲಿ ನಿಂತರು. ಕಣ್ಣು ಕಾಣದ ಮನುಷ್ಯ ಬಿದ್ದಾರೆಂದು ನಾನು ಹಿಂದೆಯೇ ಹೋಗಿ ನಿಂತೆ.

"ಪುಟ್ಟೀ," ಎಂದು ಕರೆದರು.

ಮೆಷಿನ್ ನಿಂತಿತು.

"ಎಲ್ಲಾರೂ ಮೇಲೆ ಬನ್ನಿ. ನಿನ್ನ ಪುಸ್ತಕ ಇದ್ರೆ ತಗೊಂಡು ಬಾ."

ಮೂವರೂ ಬಂದರು. ನಾನು ಸೋತೆನೆಂದು ಹೇಳಲು ಕರೆದಿದ್ದಾರೆಂಬ ಮುಖ ಹೊತ್ತು ಬಂದರು. ಟೈಲರಕ್ಕನ ಕೈಯಲ್ಲಿ ಪುಸ್ತಕ ಇರಲಿಲ್ಲ, ಅರ್ಧ ಹೊಲಿದ ತೋಳು ಇತ್ತು. ಮೇಷ್ಟ್ರು ಬಾಗಿಲ ಹತ್ತಿರವೇ ನಿಂತು, ಲೆಕ್ಕ ಬಿಡಿಸುವ ಹಾಗೆ ಒಂದೊಂದೇ ಹೆಜ್ಜೆಯಲ್ಲಿ ಎಲ್ಲ ಹೇಳಿದರು. ಹನ್ನೊಂದು ಪುಟ ಕೇಳಲಿಲ್ಲ. ಕೇಳಿದೆನೆಂದು ಹೇಳಿಕೊಟ್ಟೆ. ಅದಕ್ಕೇ ಅಕ್ಕ ಅದನ್ನೇ ಎತ್ತಿಕೊಂಡಳು. ಅದಕ್ಕೇ ನೀವು ಮೂವರೂ ಬಿದ್ದಿರಿ. ನಿಮ್ಮಲ್ಲಿ ಕೊರತೆ ಇರಲಿಲ್ಲ. ಇವತ್ತು ಇವಳು ಕೇಳಿಲ್ಲ ಎಂದು ಪುಸ್ತಕ ಮುಚ್ಚಿದಳು.

ಔಷಧಿ ಅಂಗಡಿಯವರು ಗೋಡೆಗೆ ಒರಗಿ ಕೂತುಬಿಟ್ಟರು. ಹದಿನೆಂಟು ವರ್ಷದಿಂದ ತಮ್ಮ ತಲೆಯೇ ಮಂದ ಎಂದು ತಿಳಿದಿದ್ದ ಮನುಷ್ಯ. ಡ್ರೈವರ್ ಬಾಯಿಗೆ ಕೈ ಅಡ್ಡ ಹಿಡಿದು ಅಳುತ್ತಿದ್ದ. ಟೈಲರಕ್ಕ ಅಳಲಿಲ್ಲ. ಅತ್ತೆಯ ಎದುರಿಗೆ ಹೋಗಿ ನಿಂತಳು.

"ಅವತ್ತು ನಾನು ಹೇಗೆ ಹೇಳಿದ್ದೆ?"

"ನಿನ್ನಷ್ಟು ಚೆನ್ನಾಗಿ ಯಾರೂ ಹೇಳಿಲ್ಲಮ್ಮ."

"ಸರಿ," ಎಂದಳು. ಆಮೇಲೆ ಅಪ್ಪನ ಕಡೆ ತಿರುಗಿದಳು. "ಇವಳಿಗೆ ಹೇಗೆ ಗೊತ್ತಾಯ್ತು?"

ಎಲ್ಲರೂ ನನ್ನ ಕಡೆ ನೋಡಿದರು. ಉತ್ತರ ಮೇಷ್ಟ್ರೇ ಕೊಟ್ಟರು.

"ನನ್ನ ಪುಸ್ತಕ ಕೊಟ್ಟಿದ್ದೆ. ಬೈಂಡಿಂಗಿಗೆ ಅಂತ. ಬಾಯಲ್ಲಿ ಹೇಳೋದಕ್ಕೆ ಆಗಲಿಲ್ಲ. ಇವಳ ಕಣ್ಣಿಗೆ ಬೀಳುತ್ತೆ ಅಂತ ಗೊತ್ತಿತ್ತು, ಅದಕ್ಕೇ ಕೊಟ್ಟೆ."

ಅದನ್ನು ಕೇಳಿ ನನಗೆ ಏನನ್ನಿಸಬೇಕೋ ತಿಳಿಯಲಿಲ್ಲ. ನಾನು ಹಿಡಿದೆ ಎಂದುಕೊಂಡಿದ್ದೆ. ಅವರು ಹಿಡಿಸಿಕೊಂಡಿದ್ದರು.

ಟೈಲರಕ್ಕ ಕೈಯಲ್ಲಿದ್ದ ತೋಳನ್ನು ಮಡಿಸಿದಳು, ಬಿಡಿಸಿದಳು, ಮತ್ತೆ ಮಡಿಸಿದಳು.

"ಆ ಕಪಾಟಿನ ಧೂಳು ಒರೆಸೋಳು ನಾನು, ಅಪ್ಪಾ. ದಿನಾ ಆ ಪುಸ್ತಕ ಎತ್ತಿ, ಕೆಳಗೆ ಒರೆಸಿ, ಹಾಗೇ ಇಡ್ತಿದ್ದೆ. ಒಂದು ದಿನಾನೂ ತೆಗೆದು ನೋಡಲಿಲ್ಲ. ನೋಡಬಾರದು ಅಂತಲ್ಲ. ನೋಡೋ ಅಗತ್ಯ ಏನಿದೆ, ಅಪ್ಪಂದಲ್ವಾ ಅಂತ. ಇವಳ ಕೈಗೆ ಕೊಟ್ಟಿದ್ದನ್ನ ನನ್ನ ಕೈಗೆ ಕೊಡಬಹುದಿತ್ತಲ್ಲ."

"ನಿನ್ನ ಮುಂದೆ ಸಣ್ಣೋನಾಗೋದಕ್ಕೆ ಧೈರ್ಯ ಬರಲಿಲ್ಲ ಪುಟ್ಟಿ."

"ನಾನು ಸಣ್ಣೋಳಾದ್ರೆ ಪರವಾಗಿಲ್ವಾ?"

ಮೇಷ್ಟ್ರು ಬಾಗಿಲ ಚೌಕಟ್ಟು ಬಿಟ್ಟು ಬಂದು ಮತ್ತೆ ಚಾಪೆಯ ಮೇಲೆ ಕೂತರು. ಪುಸ್ತಕ ತೊಡೆಯ ಮೇಲಿಟ್ಟುಕೊಂಡು, ಕಾಣದ ಪುಟವನ್ನು ಬೆರಳಿನಿಂದ ಹುಡುಕತೊಡಗಿದರು. ಮುದುಕನ ಕುತ್ತಿಗೆ ಹಿಂದಿನಿಂದ ಕಾಣುತ್ತಿತ್ತು, ಕಾಲರ್ ಸವೆದು ನೂಲು ಎದ್ದಿತ್ತು. ಅವರ ಮೇಲೆ ನನಗೆ ಸಿಟ್ಟು ಇಳಿದಿರಲಿಲ್ಲ, ಆದರೂ ಆ ನೂಲಿನ ಮೇಲಿನಿಂದ ಕಣ್ಣು ಕೀಳಲಾಗಲಿಲ್ಲ.

"ಈ ಪಾಠ ಕೇಳಿದ ಮೇಲೆ ನಾಲ್ವರಿಗೂ ನನ್ನ ಅಪ್ಪಣೆ ಇದೆ," ಎಂದರು ಅತ್ತೆ. "ಯಾರ್ಯಾರು ಕೂರ್ತೀರಿ?"

ಔಷಧಿ ಅಂಗಡಿಯವರು ಮುಂದೆ ಸರಿದರು. ಡ್ರೈವರ್ ಮೂಗೊರೆಸಿಕೊಂಡು ಅವರ ಪಕ್ಕದಲ್ಲಿ ಕೂತ. ಟೈಲರಕ್ಕ ಬಾಗಿಲಿನತ್ತ ಎರಡು ಹೆಜ್ಜೆ ಹಾಕಿದಳು. ಮೆಟ್ಟಿಲಿಳಿದು ಹೋಗಿಬಿಟ್ಟರೆ ಅವಳನ್ನು ತಡೆಯುವ ಹಕ್ಕು ಆ ಕೋಣೆಯಲ್ಲಿ ಯಾರಿಗೂ ಇರಲಿಲ್ಲ. ಅವಳು ಬಾಗಿಲ ಹತ್ತಿರ ನಿಂತು ಅಪ್ಪ ಪುಟ ತಡಕುವುದನ್ನೇ ನೋಡಿದಳು. ಅವರು ಎಪ್ಪತ್ತನೆಯ ಪುಟದ ಸುತ್ತಮುತ್ತ ಎಲ್ಲೋ ಇದ್ದರು.

ಹಿಂದಿರುಗಿ ಬಂದಳು. ಅಪ್ಪನ ಕೈಯಿಂದ ಪುಸ್ತಕ ತೆಗೆದುಕೊಂಡು ತೊಂಬತ್ತನಾಲ್ಕನೆಯ ಪುಟ ತೆಗೆದಳು. ಖಾಲಿ ಅಂಚನ್ನು ನೋಡಿದಳು.

"ಸ್ವಲ್ಪ ಸರಿ, ಅಪ್ಪಾ," ಎಂದಳು.

ಮೇಷ್ಟ್ರು ಸರಿದು ಜಾಗ ಕೊಟ್ಟರು. ಅತ್ತೆ ಪಾಠ ಶುರು ಮಾಡಿದರು.